ಯಜಮಾನಿಕೆಯ ಹಸ್ತಾಂತರ: ತೋಟದ ದುಡಿಮೆಯಿಂದ ಹಂತಹಂತವಾಗಿ ಬಿಡುವು ಪಡೆಯುವ ಬಗೆ



ಸರ್ಕಾರಿ ನೌಕರನಿಗೆ ನಿವೃತ್ತಿಯ ದಿನ ಮೊದಲೇ ಗೊತ್ತಿರುತ್ತದೆ. ನಮ್ಮ ರಾಜ್ಯದಲ್ಲಿ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಹಾರ ಹಾಕಿ, ಶಾಲು ಹೊದಿಸಿ ಮನೆಗೆ ಕಳಿಸುತ್ತಾರೆ. ತೋಟಗಾರನಿಗೆ ಹಾರವೂ ಇಲ್ಲ, ಅಂಥ ದಿನವೂ ಇಲ್ಲ. ಮೊಣಕಾಲು ನೋಯತೊಡಗಿದಾಗ, ದಿನಕ್ಕೆ ಎರಡು ಸಲ ಇಳಿಯುತ್ತಿದ್ದ ಕೆಳಗಿನ ತೋಟಕ್ಕೆ ಒಂದೇ ಸಲ ಇಳಿಯತೊಡಗಿದಾಗ, ಔಷಧಿ ಹೊಡೆಯುವ ದಿನ ಚಪ್ಪರದಡಿಯಲ್ಲೇ ನಿಂತು ಕೂಗಿ ಹೇಳತೊಡಗಿದಾಗ, ನಿವೃತ್ತಿ ತಾನಾಗಿಯೇ ಆರಂಭವಾಗಿರುತ್ತದೆ. ನಾವು ಅದನ್ನು ಒಪ್ಪಿಕೊಳ್ಳುವುದು ಮಾತ್ರ ತಡವಾಗುತ್ತದೆ.

ಆದ್ದರಿಂದ ಈ ಸಂಚಿಕೆಯ ಪಾಠಕ್ಕೆ ಕೊಳೆರೋಗವನ್ನೋ ಗೊಬ್ಬರವನ್ನೋ ತೆಗೆದುಕೊಳ್ಳದೆ, ಬೆಳೆಗಾರನ ಬಿಡುವಿನ ವಿಷಯವನ್ನೇ ತೆಗೆದುಕೊಂಡಿದ್ದೇವೆ. ಐವತ್ತು ದಾಟಿದ ಸದಸ್ಯರು ಇದನ್ನು ತಮಗಾಗಿ ಓದಬೇಕು. ಮೂವತ್ತರ ಆಸುಪಾಸಿನವರು ತಮ್ಮ ತಂದೆತಾಯಿಗಳ ಸಲುವಾಗಿ ಓದಬೇಕು. ನಾವೂ ಐವತ್ತು ದಾಟಿದವರೇ. ಹಾಗಾಗಿ ಇದು ನಮಗೆ ನಾವೇ ಹೇಳಿಕೊಳ್ಳುವ ಪಾಠವೂ ಹೌದು.

ಎರಡು ಅತಿಗಳು

ಸಂಘದ ಕಚೇರಿಯಲ್ಲಿ ಕೂತವರ ಕಣ್ಣಿಗೆ ಎರಡು ಬಗೆಯ ಮನೆಗಳು ಬೀಳುತ್ತವೆ.

ಮೊದಲನೆಯ ಬಗೆಯ ಮನೆಯಲ್ಲಿ ಯಜಮಾನರು ಕೊನೆಯುಸಿರಿನ ತನಕ ಬೀಗದ ಕೈಯನ್ನು ಸೊಂಟದಿಂದ ಬಿಚ್ಚುವುದಿಲ್ಲ. ನಲವತ್ತೈದು ವರ್ಷದ ಮಗ ಒಂದು ಚೀಲ ಗೊಬ್ಬರಕ್ಕೂ ಅಪ್ಪನ ಮುಂದೆ ಕೈಕಟ್ಟಿ ನಿಲ್ಲಬೇಕು. ಕೆಲಸವೆಲ್ಲ ಅವನದು, ತೀರ್ಮಾನ ಒಂದೂ ಅವನದಲ್ಲ. ಯಜಮಾನರು ತೀರಿಕೊಂಡ ಮೇಲೆ ಅವನು ಕಚೇರಿಗೆ ಬಂದು ಕೇಳುವ ಮೊದಲ ಪ್ರಶ್ನೆ, “ನಮ್ಮಪ್ಪನ ಹೆಸರಿನಲ್ಲಿ ಸಾಲ ಎಷ್ಟಿದೆ?” ಎಂಬುದು. ಪಹಣಿ ತೆಗೆಸಿ ನೋಡಿದರೆ ಅದು ಇನ್ನೂ ಅಜ್ಜನ ಹೆಸರಿನಲ್ಲಿರುತ್ತದೆ. ಪೌತಿ ಖಾತೆಗೆ ಅಲೆಯುವಷ್ಟರಲ್ಲಿ ಒಂದು ಬೆಳೆ ಕಳೆದಿರುತ್ತದೆ. ಆ ಹೊತ್ತಿಗೆ ಅವನಿಗೂ ಐವತ್ತು. ತೋಟ ನಡೆಸುವುದನ್ನು ಅವನು ಕಲಿಯತೊಡಗುವುದು ಆಗ.

ಎರಡನೆಯ ಬಗೆಯ ಮನೆಯಲ್ಲಿ ಇದಕ್ಕೆ ತಿರುಗುಮುರುಗು. ಪತ್ನಿ ತೀರಿಕೊಂಡ ದುಃಖದಲ್ಲೋ, ಮಕ್ಕಳ ಒತ್ತಾಯಕ್ಕೋ, “ನನಗೇಕೆ ಇನ್ನು ಇದೆಲ್ಲ” ಎಂಬ ಬೇಸರದಲ್ಲೋ ಒಂದೇ ದಿನ ದಾನಪತ್ರ ಬರೆದು ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ. ನೋಂದಾಯಿತ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲಾಗದು. ಆರು ತಿಂಗಳಲ್ಲಿ ಔಷಧಿ ಚೀಟಿ ಹಿಡಿದು ಮಗನ ಮುಖ ನೋಡುವ ಸ್ಥಿತಿ ಬರುತ್ತದೆ. ಮಗ ಕೆಟ್ಟವನಾಗಿರಬೇಕೆಂದೇನೂ ಇಲ್ಲ. ಅವನಿಗೂ ಲೆಕ್ಕ ಗೊತ್ತಿಲ್ಲ, ಮಾರಾಟ ಗೊತ್ತಿಲ್ಲ. ಕೈಯಲ್ಲಿ ಹಣ ನಿಲ್ಲುವುದಿಲ್ಲ.

ಎರಡು ಮನೆಗಳಲ್ಲೂ ಕೊರತೆ ಒಂದೇ. ಹಿರಿಯರು ನಡೆಸುವ ಕಾಲಕ್ಕೂ ಕಿರಿಯರು ನಡೆಸುವ ಕಾಲಕ್ಕೂ ನಡುವೆ ಇಬ್ಬರೂ ಸೇರಿ ನಡೆಸುವ ಕೆಲವು ವರ್ಷಗಳು ಇರಬೇಕಿತ್ತು, ಅವು ಇರಲಿಲ್ಲ.

ಬೆಳೆಯೇ ಕಲಿಸುವ ಕಾಲಮಾನ

“ತಾ ಮಾಡಿದ್ದು ಉತ್ತಮ, ಮಗ ಮಾಡಿದ್ದು ಮಧ್ಯಮ, ಆಳು ಮಾಡಿದ್ದು ಹಾಳು” ಎಂಬ ಗಾದೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಇದೆ. ಅನೇಕ ಹಿರಿಯರು ಯಜಮಾನಿಕೆ ಬಿಡದಿರಲು ಈ ಗಾದೆಯನ್ನೇ ನೆಪ ಮಾಡಿಕೊಳ್ಳುತ್ತಾರೆ. ಆದರೆ ಮಗ ಮಾಡಿದ್ದು ಮಧ್ಯಮವಾಗಿರುವುದು ಅವನು ಮಾಡಿ ನೋಡುವ ತನಕ ಮಾತ್ರ. ಅವನು ಮಾಡಿ, ತಪ್ಪಿ, ತಿದ್ದಿಕೊಳ್ಳುವಾಗ ಪಕ್ಕದಲ್ಲಿ ನಾವು ಬದುಕಿರಬೇಕು ಎಂಬುದೇ ಈ ಪಾಠದ ತಿರುಳು.

ಇದಕ್ಕೆ ಎಷ್ಟು ವರ್ಷ ಬೇಕು? ನಮ್ಮ ಬೆಳೆಗಳನ್ನೇ ಕೇಳೋಣ. ಅರೇಬಿಕಾ ಕಾಫಿಗೆ ಒಂದು ವರ್ಷ ಹೊರೆ ಫಸಲು, ಮರುವರ್ಷ ಕಡಿಮೆ ಫಸಲು ಕೊಡುವ ಸ್ವಭಾವವಿದೆ. ಒಂದು ವರ್ಷದ ಫಸಲು ನೋಡಿ ಕಿರಿಯರ ಕಸಿ ಸರಿಯೋ ತಪ್ಪೋ ಎಂದು ಹೇಳಲಾಗದು. ಎರಡು ಹೊರೆ ಫಸಲು, ಎರಡು ಕಡಿಮೆ ಫಸಲು ನೋಡಬೇಕು. ಅಲ್ಲಿಗೆ ನಾಲ್ಕು ವರ್ಷವಾಯಿತು. ಮರಗಸಿಯಲ್ಲಿ ನೆರಳನ್ನು ಅತಿಯಾಗಿ ತೆಗೆದರೆ ಮೊದಲ ವರ್ಷ ಗಿಡ ಹುಲುಸಾಗಿಯೇ ಕಾಣಬಹುದು. ಬಿಸಿಲನ್ನು ಬಯಸುವ ಬಿಳಿ ಕಾಂಡಕೊರಕದ ಹಾವಳಿ ಆಮೇಲೆ ತಿಳಿಯುತ್ತದೆ. ಅಡಿಕೆ ಸಸಿ ನೆಟ್ಟರೆ ಕೊನೆ ಕಾಣಲು ಐದಾರು ವರ್ಷ ಬೇಕು. ಹೀಗೆ ಬಹುವಾರ್ಷಿಕ ಬೆಳೆಯ ತೀರ್ಮಾನಗಳ ಫಲ ಬಹುಕಾಲದ ಮೇಲೆ ಕೈಗೆ ಬರುವುದರಿಂದ, ಅದನ್ನು ನಡೆಸುವ ಕೈಯೂ ಒಂದೇ ವರ್ಷದಲ್ಲಿ ಬದಲಾಗಬಾರದು. ಐವತ್ತೈದಕ್ಕೆ ಆರಂಭಿಸಿದರೆ ಅರವತ್ತೈದಕ್ಕೆ ನಿಶ್ಚಿಂತೆಯಿಂದ ಮುಗಿಸಬಹುದು. ಎಪ್ಪತ್ತಕ್ಕೆ ಆರಂಭಿಸಿದರೆ ನಾಲ್ಕು ಫಸಲು ನೋಡುವ ಭರವಸೆ ಯಾರಿಗಿದೆ?

ಹಸ್ತಾಂತರಕ್ಕೆ ನಾಲ್ಕು ಮೆಟ್ಟಿಲುಗಳಿವೆ: ಮೈಕೆಲಸ, ತೀರ್ಮಾನ, ಹಣ, ಹಕ್ಕುಪತ್ರ. ಈ ಕ್ರಮ ತಪ್ಪಬಾರದು.

ಮೊದಲ ಮೆಟ್ಟಿಲು: ಮೈಕೆಲಸ

ಇದು ಸುಲಭ, ದೇಹವೇ ಹೇಳಿಕೊಡುತ್ತದೆ. ಅರವತ್ತರ ಹತ್ತಿರ ಬಂದವರು ಮೊದಲು ಬಿಡಬೇಕಾದ್ದು ಎತ್ತರದ ಕೆಲಸ, ಹೊರೆಯ ಕೆಲಸ ಮತ್ತು ಸಿಂಪಡಣೆಯ ಕೆಲಸ. ಏಣಿ ಹತ್ತಿ ಮೆಣಸು ಕೊಯ್ಯುವುದು, ಮಳೆಯಲ್ಲಿ ಜಾರುವ ಕಾಲುದಾರಿಯಲ್ಲಿ ಗೊಬ್ಬರದ ಬುಟ್ಟಿ ಹೊರುವುದು ಇನ್ನು ಬೇಡ. ಬಿದ್ದು ಸೊಂಟದ ಮೂಳೆ ಮುರಿದರೆ ಹತ್ತು ವರ್ಷಗಳ ಹಸ್ತಾಂತರ ಒಂದೇ ಬೆಳಗಿನಲ್ಲಿ ಮಾಡಬೇಕಾಗಿ ಬರುತ್ತದೆ.

ಆದರೆ ಬಿಡುವ ಮುನ್ನ ಕಲಿಸಿ ಬಿಡಬೇಕು. ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು ಎಂಬುದು ಎಲ್ಲರಿಗೂ ಗೊತ್ತು. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು, ಹುಯ್ಯುತ್ತ ಕಲಕಬೇಕು, ಸುಣ್ಣ ಹಳತಾಗಿರಬಾರದು, ಮುಂಗಾರು ಹಿಡಿಯುವ ಮುನ್ನ ಮೊದಲ ಸಿಂಪಡಣೆ ಮುಗಿದು 40-45 ದಿನಕ್ಕೆ ಎರಡನೆಯದು ಆಗಬೇಕು, ಇವೆಲ್ಲ ಪಕ್ಕದಲ್ಲಿ ನಿಂತು ಮಾಡಿಸಿದಾಗಲೇ ಕೈಗೆ ಹತ್ತುವುದು. ಕಾಂಡಕೊರಕ ಹತ್ತಿದ ಗಿಡವನ್ನು ಬುಡದ ಉಬ್ಬುಗೆರೆಯಿಂದ ಗುರುತಿಸುವ ಕಣ್ಣೂ ಹಾಗೆಯೇ. ಹುಳು ಹಾರುವ ಏಪ್ರಿಲ್-ಮೇ ಹಾಗೂ ಅಕ್ಟೋಬರ್-ಡಿಸೆಂಬರ್ ಅವಧಿಗಳಿಗೆ ಮುಂಚೆ, ಕಿರಿಯರನ್ನು ಜೊತೆಗೆ ಕರೆದುಕೊಂಡು ಸಾಲುಸಾಲಾಗಿ ನಡೆಯಬೇಕು. ಮೊದಲ ವರ್ಷ ನಾವು ಗುರುತು ಹಾಕಿ ಅವರು ನೋಡಲಿ. ಎರಡನೆಯ ವರ್ಷ ಅವರು ಗುರುತು ಹಾಕಿ ನಾವು ನೋಡೋಣ.

ಫೈಬರ್ ದೋಟಿ, ಅಡಿಕೆ ಸುಲಿಯುವ ಯಂತ್ರ ಇವು ಈಗ ಅನೇಕ ಮನೆಗಳಿಗೆ ಬಂದಿವೆ. ಇಂಥವನ್ನು ತರಬೇಕೆಂದು ಕಿರಿಯರು ಹೇಳಿದಾಗ “ನಮ್ಮ ಕಾಲದಲ್ಲಿ ಇದೆಲ್ಲ ಇತ್ತೇ?” ಎಂದು ತಳ್ಳಿಹಾಕಬಾರದು. ಕೊನೆಗೌಡನ ದಾರಿ ಕಾಯುತ್ತ ಕೊಯ್ಲು ತಪ್ಪಿಸಿಕೊಳ್ಳಬೇಕಾದವರು ಇನ್ನು ಅವರೇ ಹೊರತು ನಾವಲ್ಲ.

ಎರಡನೆಯ ಮೆಟ್ಟಿಲು: ತೀರ್ಮಾನ

ಇಲ್ಲಿಂದ ಕಷ್ಟ ಆರಂಭ. ತೋಟದ ಎಲ್ಲ ಮೂಲೆಗಳಲ್ಲೂ ಸ್ವಲ್ಪ ಸ್ವಲ್ಪ ತೀರ್ಮಾನ ಬಿಟ್ಟುಕೊಡುವುದಕ್ಕಿಂತ, ಒಂದು ಭಾಗದ ಪೂರ್ತಿ ತೀರ್ಮಾನ ಬಿಟ್ಟುಕೊಡುವುದು ಮೇಲು. ನಾಲ್ಕು ಎಕರೆ ಇದ್ದರೆ ಒಂದು ಎಕರೆಯನ್ನು ಗುರುತಿಸಿ, ಅಲ್ಲಿನ ಕಸಿ, ಗೊಬ್ಬರ, ಸಿಂಪಡಣೆ, ಕೂಲಿ, ಕೊಯ್ಲು ಎಲ್ಲವನ್ನೂ ಮಗನಿಗೋ ಮಗಳಿಗೋ ಸೊಸೆಗೋ ಒಪ್ಪಿಸಬೇಕು. ಅದಕ್ಕೆ ಬೇರೆ ಲೆಕ್ಕದ ಪುಸ್ತಕ ಇಡಿಸಬೇಕು. ಅಲ್ಲಿನ ಲಾಭವೂ ಅವರದು, ನಷ್ಟದ ಪಾಠವೂ ಅವರದು. ಎರಡು ಮೂರು ವರ್ಷ ಕಳೆದ ಮೇಲೆ ಇನ್ನೊಂದು ಎಕರೆ ಸೇರಿಸುತ್ತ ಹೋಗಬಹುದು.

ಈ ಮೆಟ್ಟಿಲಿನಲ್ಲಿ ಹಿರಿಯರು ಒಂದು ನೇಮ ಇಟ್ಟುಕೊಳ್ಳಬೇಕು. ಕೇಳಿದರೆ ಹೇಳುವುದು, ಕೇಳದಿದ್ದರೆ ಒಂದು ಬೆಳೆ ಮುಗಿಯುವ ತನಕ ಸುಮ್ಮನಿರುವುದು. ಗಿಡ ಸಾಯುವಂಥ, ಆಳಿಗೆ ಅಪಾಯವಾಗುವಂಥ ತಪ್ಪು ಕಂಡರೆ ಮಾತ್ರ ತಡೆಯಬೇಕು. ಗೊಬ್ಬರ ಒಂದು ವಾರ ತಡವಾದದ್ದಕ್ಕೆ, ಚಿಗುರು ತೆಗೆಯುವುದು ಹಿಂದುಮುಂದಾದದ್ದಕ್ಕೆ ಆಳುಗಳ ಎದುರಿಗೆ ಬಯ್ದರೆ, ಮರುದಿನದಿಂದ ಆಳುಗಳು ಕಿರಿಯರ ಮಾತು ಕೇಳುವುದಿಲ್ಲ. ಹಾಗೆ ಮಾಡಿದರೆ ಒಂದು ಕೈಯಿಂದ ಕೊಟ್ಟದ್ದನ್ನು ಇನ್ನೊಂದು ಕೈಯಿಂದ ಕಿತ್ತುಕೊಂಡಂತೆ. ಹೇಳಬೇಕಾದ್ದನ್ನು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ಕೂತು ಹೇಳೋಣ.

ಮೂರನೆಯ ಮೆಟ್ಟಿಲು: ಹಣ

ಕೆಲಸ ಕೊಟ್ಟು, ತೀರ್ಮಾನ ಕೊಟ್ಟು, ಹಣ ಕೊಡದೆ ಉಳಿಸಿಕೊಂಡವರು ಏನನ್ನೂ ಕೊಟ್ಟಂತಾಗಲಿಲ್ಲ. ಹಣದಲ್ಲಿ ಎರಡು ಭಾಗವಿದೆ: ತೋಟದ ಹಣ ಮತ್ತು ಹಿರಿಯರ ಹಣ. ಇವೆರಡನ್ನೂ ಬೇರೆಮಾಡುವುದೇ ಈ ಮೆಟ್ಟಿಲಿನ ಕೆಲಸ.

ತೋಟದ ಹಣದಲ್ಲಿ ಎಲ್ಲಕ್ಕಿಂತ ಕಠಿಣವಾದದ್ದು ಮಾರಾಟ. ಕಾಫಿ ಮಂಡಳಿಯ ಪೂಲ್ ವ್ಯವಸ್ಥೆ ಇದ್ದಾಗ ಕಾಫಿಯನ್ನು ಒಪ್ಪಿಸಿ ಬರುವುದಷ್ಟೇ ಬೆಳೆಗಾರನ ಕೆಲಸವಾಗಿತ್ತು. 1996ರ ಹೊತ್ತಿಗೆ ಅದು ಪೂರ್ತಿ ಮುಗಿದು, ಯಾವಾಗ ಮಾರಬೇಕೆಂಬ ಹೊಣೆ ನಮ್ಮ ಹೆಗಲಿಗೆ ಬಂತು. 2001-02ರಲ್ಲಿ ಬೆಲೆ ನೆಲ ಕಚ್ಚಿದ್ದನ್ನೂ 2024-25ರಲ್ಲಿ ರೋಬಸ್ಟಾ ಬೆಲೆ ಯಾರೂ ಊಹಿಸದಷ್ಟು ಏರಿದ್ದನ್ನೂ ನಾವು ಕಂಡಿದ್ದೇವೆ. ಎರಡನ್ನೂ ಕಂಡವರ ಎದೆ ಗಟ್ಟಿಯಾಗಿರುತ್ತದೆ. ಏರಿದ್ದನ್ನು ಮಾತ್ರ ಕಂಡ ಕಿರಿಯರು ಹಿಡಿದಿಟ್ಟು ಕೆಡುವುದುಂಟು, ಸಾಲ ಮಾಡಿ ಕಾರು ಕೊಳ್ಳುವುದೂ ಉಂಟು. ಆದ್ದರಿಂದ ಮಾರಾಟವನ್ನು ಒಂದೇ ಸಲ ಒಪ್ಪಿಸದೆ, ಮೊದಲ ವರ್ಷ ಫಸಲಿನ ಕಾಲುಭಾಗ, ಆಮೇಲೆ ಅರ್ಧ, ಕೊನೆಗೆ ಪೂರ್ತಿ ಎಂದು ಕೊಡುವುದು ಕ್ಷೇಮ. ಸಂಘದ ಲೆಕ್ಕಪತ್ರಕ್ಕೂ ಸಾಲದ ಕಂತು ಕಟ್ಟುವುದಕ್ಕೂ ಕಿರಿಯರನ್ನೇ ಕಳಿಸಿರಿ. ನಮ್ಮ ಮಹಾಸಭೆಗೆ ಜೊತೆಯಲ್ಲಿ ಕರೆತನ್ನಿರಿ.

ಇನ್ನು ಹಿರಿಯರ ಹಣ. ಒಂದು ಲೆಕ್ಕ ಹಾಕಿ ನೋಡೋಣ. ಗಂಡಹೆಂಡಿರಿಬ್ಬರ ಔಷಧಿ, ಬಟ್ಟೆ, ಓಡಾಟ, ಮುಯ್ಯಿ, ದೇವರಕಾರ್ಯ ಎಲ್ಲ ಸೇರಿ ತಿಂಗಳಿಗೆ 15,000 ರೂ. ಬೇಕೆಂದು ಇಟ್ಟುಕೊಳ್ಳೋಣ. ವರ್ಷಕ್ಕೆ 1,80,000 ರೂ. ಆಯಿತು. ಅರವತ್ತು ತುಂಬಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ 2004ರಿಂದ ಇದೆ. ಐದು ವರ್ಷದ ಠೇವಣಿ, ಮೂರು ತಿಂಗಳಿಗೊಮ್ಮೆ ಬಡ್ಡಿ. 2023ರಿಂದ ಒಬ್ಬರಿಗೆ 30 ಲಕ್ಷದ ವರೆಗೆ ಇಡಬಹುದಾಗಿದೆ. ಒಳ್ಳೆಯ ಬೆಲೆ ಬಂದ ವರ್ಷಗಳಲ್ಲಿ ಉಳಿಸಿ ಅಲ್ಲಿ 10 ಲಕ್ಷ ಇಟ್ಟಿದ್ದರೆ, ಬಡ್ಡಿ ಶೇಕಡಾ 8 ಎಂದು ಹಿಡಿದರೂ ವರ್ಷಕ್ಕೆ 80,000 ರೂ. ಬಂತು. ಉಳಿದ 1,00,000 ರೂ. ತೋಟದಿಂದ ಬರಬೇಕು. ಅಡಿಕೆ ಕೆ.ಜಿ.ಗೆ 400 ರೂ. ಎಂದು ಲೆಕ್ಕಕ್ಕೆ ಹಿಡಿದರೆ ಅದು ಎರಡೂವರೆ ಕ್ವಿಂಟಲ್.

ಮಕ್ಕಳೊಡನೆ ಮಾತಾಡಿಕೊಳ್ಳುವಾಗ ರೂಪಾಯಿಯಲ್ಲಿ ಹೇಳದೆ ಈ ಎರಡೂವರೆ ಕ್ವಿಂಟಲನ್ನೇ ಹೇಳುವುದು ಜಾಣತನ. ರೂಪಾಯಿಯ ಬೆಲೆ ಇಳಿಯುತ್ತದೆ; ಅಡಿಕೆಯ ಪಾಲು ಪಾಲಾಗಿಯೇ ಉಳಿಯುತ್ತದೆ. ಈ ಜಾಣತನ ಹೊಸದೇನೂ ಅಲ್ಲ. ಜರ್ಮನಿ, ಆಸ್ಟ್ರಿಯಾ ದೇಶಗಳ ರೈತರಲ್ಲಿ ಹಿಂದಿನಿಂದಲೂ ಒಂದು ಪದ್ಧತಿ ಇತ್ತು. ಹೊಲಮನೆಯನ್ನು ಮಗನಿಗೆ ಒಪ್ಪಿಸುವ ತಂದೆತಾಯಿ ತಮ್ಮ ವಾಸಕ್ಕೆ ಕೋಣೆ, ವರ್ಷಕ್ಕೆ ಇಷ್ಟು ಧಾನ್ಯ, ಇಷ್ಟು ಹಾಲು, ಇಷ್ಟು ಸೌದೆ ಎಂದು ಕರಾರುಪತ್ರ ಬರೆಸಿಕೊಳ್ಳುತ್ತಿದ್ದರು. ಪಶ್ಚಿಮ ಜರ್ಮನಿಯಲ್ಲಿ 1957ರ ಕಾನೂನು ವೃದ್ಧ ರೈತರಿಗೆ ಪಿಂಚಣಿ ತಂದಾಗ, ಜಮೀನನ್ನು ಬೇರೆಯವರಿಗೆ ಒಪ್ಪಿಸಿದವರಿಗೇ ಅದು ಎಂಬ ಷರತ್ತು ಹಾಕಿತು. ಆ ಷರತ್ತು ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2018ರಲ್ಲಿ ಹೇಳಿತು. ನಮಗೆ ಅಂಥ ಪಿಂಚಣಿಯೂ ಇಲ್ಲ, ಒತ್ತಾಯವೂ ಇಲ್ಲ. ಆದ್ದರಿಂದ ನಮ್ಮ ಕರಾರನ್ನು ನಾವೇ, ಮನೆಯೊಳಗೇ, ಪ್ರೀತಿ ಇರುವಾಗಲೇ ಮಾಡಿಕೊಳ್ಳಬೇಕು.

ಬ್ಯಾಂಕಿನ ಖಾತೆಗಳನ್ನು ಗಂಡಹೆಂಡಿರ ಜಂಟಿ ಹೆಸರಿನಲ್ಲಿ, ಇಬ್ಬರಲ್ಲಿ ಯಾರಾದರೂ ಒಬ್ಬರು ಅಥವಾ ಬದುಕಿರುವವರು ಹಣ ತೆಗೆಯುವಂತೆ ಬರೆಸಿಡಿ. ತೋಟದ ಮನೆಗಳಲ್ಲಿ ಹೆಂಗಸರು ಜೀವಮಾನವೆಲ್ಲ ದುಡಿದರೂ ಅವರ ಹೆಸರಿನಲ್ಲಿ ಒಂದು ಪಾಸ್‌ಬುಕ್ ಸಹ ಇಲ್ಲದಿರುವುದು ಇಂದಿಗೂ ಕಾಣಸಿಗುತ್ತದೆ. ಯಜಮಾನರ ಬಿಡುವಿನ ಲೆಕ್ಕದಲ್ಲಿ ಯಜಮಾನಿತಿಯ ಬಿಡುವೂ ಸೇರಬೇಕು. ಕೊಯ್ಲಿನ ಕಾಲಕ್ಕೆ ಇಪ್ಪತ್ತು ಆಳಿಗೆ ಅಡಿಗೆ ಮಾಡಿದ ಕೈಗೂ ಅರವತ್ತಾಗುತ್ತದೆ.

ಇನ್ನೂ ನಲವತ್ತು ತುಂಬದ ಕಿರಿಯರಿಗೆ ಒಂದು ಮಾತು. 2019ರಲ್ಲಿ ಬಂದ ಪ್ರಧಾನಮಂತ್ರಿ ಕಿಸಾನ್ ಮಾನ್‌ಧನ್ ಯೋಜನೆಗೆ 2 ಹೆಕ್ಟೇರಿನ ಒಳಗಿನ ಹಿಡುವಳಿದಾರರು 18ರಿಂದ 40ನೇ ವಯಸ್ಸಿನೊಳಗೆ ಸೇರಬೇಕು. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂ. ಕಟ್ಟಿದರೆ ಅರವತ್ತರ ಮೇಲೆ ತಿಂಗಳಿಗೆ 3,000 ರೂ. ಪಿಂಚಣಿ. ಮೊತ್ತ ಚಿಕ್ಕದು, ಆದರೆ ನಮ್ಮ ತಲೆಮಾರಿಗೆ ಅದೂ ಸಿಗಲಿಲ್ಲ. ನೀವು ಅರ್ಹರೋ ಎಂದು ವಿಚಾರಿಸಿ ನೋಡಿರಿ.

ನಾಲ್ಕನೆಯ ಮೆಟ್ಟಿಲು: ಹಕ್ಕುಪತ್ರ

ಇದನ್ನು ಕೊನೆಗೆ ಹತ್ತಬೇಕು. ಆದರೆ ಹತ್ತದೆ ಬಿಡಬಾರದು. ಮೊದಲು ಪಹಣಿಯನ್ನು ತೆಗೆಸಿ ಓದಿರಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಯಾವ ಋಣವಿದೆ ನೋಡಿರಿ. ತೀರಿಸಿದ ಸಾಲ ಅಲ್ಲಿ ಇನ್ನೂ ಕಾಣುತ್ತಿದ್ದರೆ ತೆಗೆಸಿರಿ. ಅಜ್ಜನ ಹೆಸರಿದ್ದರೆ ಪೌತಿ ಖಾತೆ ಮಾಡಿಸಿರಿ. ಒಂದು ಸರ್ವೆ ನಂಬರಿನ ಭಾಗವನ್ನು ಬೇರೆಮಾಡಲು 11ಇ ನಕ್ಷೆ ಬೇಕು. ಅಳತೆಗೆ ಕಾಲ ಹಿಡಿಯುವುದರಿಂದ ಮುಂಚೆಯೇ ಅರ್ಜಿ ಹಾಕಬೇಕು.

ಆಮೇಲೆ ಜಮೀನು ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬುದನ್ನು ವಿಂಗಡಿಸಿಕೊಳ್ಳಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಟ್ಟ ಮನೆಗಳಲ್ಲಿ 2005ರ ತಿದ್ದುಪಡಿಯ ಪ್ರಕಾರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಮಗನಷ್ಟೇ ಹಕ್ಕಿದೆ. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. “ಮದುವೆಗೆ ಖರ್ಚು ಮಾಡಿದ್ದೇವೆ, ಅವಳದೇನಿದೆ” ಎಂಬ ಮಾತು ಇಂದು ಕಾನೂನಿನ ಮುಂದೆ ನಿಲ್ಲದು. ಮಗಳನ್ನು ಕೂರಿಸಿ ಮಾತಾಡದೆ ಮಾಡಿದ ವಿಭಾಗಪತ್ರ ಮುಂದೆ ಅಣ್ಣತಂಗಿಯರನ್ನು ಕೋರ್ಟಿಗೆ ಎಳೆಯುತ್ತದೆ. ಬೇರೆ ಧರ್ಮದ ಸದಸ್ಯರಿಗೆ ಅವರವರ ಉತ್ತರಾಧಿಕಾರದ ನಿಯಮಗಳಿವೆ; ಅವರು ತಮ್ಮ ವಕೀಲರನ್ನು ಕೇಳತಕ್ಕದ್ದು.

ಪತ್ರಗಳಲ್ಲಿ ಉಯಿಲಿಗೂ ದಾನಪತ್ರಕ್ಕೂ ಇರುವ ವ್ಯತ್ಯಾಸ ತಿಳಿದಿರಲಿ. ಉಯಿಲು ಬರೆದವರ ಮರಣದ ನಂತರವೇ ಜಾರಿಗೆ ಬರುತ್ತದೆ. ಬದುಕಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳು ಬೇಕು. ಆದರೆ ಅದು ನಮ್ಮ ಸ್ವಂತ ಪಾಲಿಗೆ ಮಾತ್ರ ಅನ್ವಯ. ದಾನಪತ್ರ ನೋಂದಣಿಯಾದೊಡನೆ ಹಕ್ಕು ದಾಟಿಹೋಗುತ್ತದೆ. ಜೀವಿತ ಕಾಲದಲ್ಲೇ ಕೊಡಬೇಕೆನಿಸಿದರೆ, ತಂದೆತಾಯಿಗಳ ಊಟ, ವಾಸ, ಔಷಧೋಪಚಾರ ನೋಡಿಕೊಳ್ಳತಕ್ಕದ್ದೆಂಬ ಷರತ್ತನ್ನು ಪತ್ರದಲ್ಲೇ ಬರೆಸಬೇಕು. ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆಯ 23ನೇ ಕಲಂ ಪ್ರಕಾರ, ಅಂಥ ಷರತ್ತಿನ ಮೇಲೆ ಕೊಟ್ಟ ಆಸ್ತಿ ಪಡೆದವರು ಪೋಷಣೆ ಮಾಡದಿದ್ದರೆ ಆ ಪತ್ರವನ್ನು ಅಸಿಂಧುಗೊಳಿಸಲು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅಧಿಕಾರವಿದೆ. ಷರತ್ತು ಬರೆಸುವುದೆಂದರೆ ಮಕ್ಕಳ ಮೇಲೆ ಅಪನಂಬಿಕೆ ಎಂದು ತಿಳಿಯಬೇಕಾಗಿಲ್ಲ. ಗಟ್ಟಿ ತೋಟಕ್ಕೂ ನಾವು ಬೇಲಿ ಹಾಕುತ್ತೇವೆ.

ಅಧಿಕಾರಪತ್ರ ಬರೆದುಕೊಟ್ಟರೆ ಸಾಕೆಂದು ಕೆಲವರು ತಿಳಿದಿದ್ದಾರೆ. ಬರೆದುಕೊಟ್ಟವರು ತೀರಿಕೊಂಡ ದಿನವೇ ಅದರ ಬಲವೂ ತೀರುತ್ತದೆ. ಹಾಗೆಯೇ ಬ್ಯಾಂಕಿನಲ್ಲಿ ನಾಮನಿರ್ದೇಶನ ಮಾಡಿದವರು ಹಣವನ್ನು ಪಡೆದುಕೊಳ್ಳುವವರೇ ಹೊರತು ಅದರ ಪೂರ್ಣ ವಾರಸುದಾರರಲ್ಲ. ಆದರೂ ನಾಮನಿರ್ದೇಶನ ಮಾಡದಿದ್ದರೆ ಮನೆಯವರ ಅಲೆದಾಟ ಹೆಚ್ಚು. ಸಂಘದ ಷೇರು ಮತ್ತು ಠೇವಣಿಗೆ ನೀವು ಕೊಟ್ಟ ನಾಮನಿರ್ದೇಶನ ಯಾರ ಹೆಸರಿನಲ್ಲಿದೆ ಎಂದು ಕಚೇರಿಗೆ ಬಂದಾಗ ನೋಡಿರಿ. ತೀರಿಹೋದ ತಾಯಿಯ ಹೆಸರೇ ಇನ್ನೂ ಇರಬಹುದು.

ಕಿರಿಯರು ಊರಿನಲ್ಲಿಲ್ಲದ ಮನೆಗಳು

ಮಕ್ಕಳು ಬೆಂಗಳೂರಿನಲ್ಲೋ ಅದಕ್ಕೂ ದೂರದಲ್ಲೋ ಇದ್ದು, ಇಬ್ಬರೇ ಉಳಿದಿರುವ ಮನೆಗಳು ಈಗ ಪ್ರತಿ ಊರಲ್ಲೂ ಇವೆ. ಇಂಥವರು ತೋಟವನ್ನೇ ತಮ್ಮ ಶಕ್ತಿಗೆ ತಕ್ಕಂತೆ ಚಿಕ್ಕದು ಮಾಡಿಕೊಳ್ಳಬೇಕಾಗುತ್ತದೆ. ಅಡಿಕೆ ಫಸಲನ್ನು ಚೇಣಿಗೆ ಕೊಟ್ಟರೆ ಕೊಯ್ಲು, ಸುಲಿತ, ಬೇಯಿಸುವ ಕೆಲಸಗಳ ಹೊರೆ ತಪ್ಪುತ್ತದೆ. ಕ್ವಿಂಟಲ್ ಹಸಿ ಅಡಿಕೆಗೆ ಇಷ್ಟು ಕೆ.ಜಿ. ಒಣ ಅಡಿಕೆ ಎಂಬುದನ್ನೂ ತೂಕ ಯಾರ ಮುಂದೆ ಎಂಬುದನ್ನೂ ಮೊದಲೇ ಬರೆದಿಟ್ಟುಕೊಳ್ಳಿರಿ. ಫಸಲು ಕೊಡುವುದು ಬೇರೆ, ಭೂಮಿಯನ್ನೇ ಗೇಣಿಗೆ ಕೊಡುವುದು ಬೇರೆ. 1974ರ ಭೂಸುಧಾರಣೆಯ ತಿದ್ದುಪಡಿ ಕೃಷಿಭೂಮಿಯ ಗೇಣಿಯನ್ನು ಸಾಮಾನ್ಯವಾಗಿ ನಿಷೇಧಿಸಿದೆಯಾದ್ದರಿಂದ ವಕೀಲರನ್ನು ಕೇಳದೆ ಯಾವ ಕರಾರಿಗೂ ಸಹಿ ಹಾಕಬೇಡಿರಿ.

ಊರಿಗೆ ಮರಳಬಹುದೆಂಬ ಮಕ್ಕಳಿದ್ದರೆ, ವರ್ಷಕ್ಕೆ ಎರಡು ಸಲವಾದರೂ, ಹೂಮಳೆಯ ಕಾಲಕ್ಕೊಮ್ಮೆ ಕೊಯ್ಲಿನ ಕಾಲಕ್ಕೊಮ್ಮೆ, ಬಂದು ಲೆಕ್ಕದ ಪುಸ್ತಕ ನೋಡಲು ಹೇಳಿರಿ. ಹಬ್ಬಕ್ಕೆ ಬಂದು ಹೋಗುವವರಿಗೆ ತೋಟದ ಗಡಿಕಲ್ಲು ಎಲ್ಲಿದೆಯೆಂದೂ ತಿಳಿಯುವುದಿಲ್ಲ.

ಹಿರಿಯರಿಗೆ ಉಳಿಯುವ ಕೆಲಸ

ಬಿಡುವು ಎಂದರೆ ಜಗಲಿಯ ಮೂಲೆ ಎಂದು ಹೆದರುವವರಿದ್ದಾರೆ. ಐವತ್ತು ವರ್ಷ ಮುಂಜಾನೆ ಎದ್ದು ತೋಟ ತಿರುಗಿದ ದೇಹ ಒಂದೇ ಸಲ ಕೂತರೆ ಕುಗ್ಗುತ್ತದೆ, ಮನಸ್ಸೂ ಕುಗ್ಗುತ್ತದೆ. ನಮ್ಮ ಹಿರಿಯರು ಗೃಹಸ್ಥಾಶ್ರಮಕ್ಕೂ ಸಂನ್ಯಾಸಕ್ಕೂ ನಡುವೆ ವಾನಪ್ರಸ್ಥವೆಂಬ ಒಂದು ಮೆಟ್ಟಿಲನ್ನು ಇಟ್ಟದ್ದು ಸುಮ್ಮನೆ ಅಲ್ಲ.

ಹಿರಿಯರ ಕೈಗೆ ಹೊಂದುವ ಕೆಲಸ ತೋಟದಲ್ಲಿ ಬೇಕಾದಷ್ಟಿದೆ: ಸಸಿಮಡಿ ನೋಡುವುದು, ಮೆಣಸಿನ ಬಳ್ಳಿಗೆ ಬೇರು ಬರಿಸುವುದು, ಕಣದಲ್ಲಿ ಕಾಫಿ ಒಣಗಿದ ಹದ ನೋಡುವುದು, ಅಡಿಕೆ ಬೆಂದ ಹದ, ಚೊಗರಿನ ಬಣ್ಣ ನೋಡುವುದು, ದಿನವೂ ಮಳೆ ಅಳೆದು ಬರೆದಿಡುವುದು. ಇವೆಲ್ಲ ಕಣ್ಣು ಮತ್ತು ಅನುಭವದ ಕೆಲಸಗಳು. ಇವುಗಳ ಜೊತೆಗೆ ಒಂದು ದಪ್ಪ ನೋಟುಪುಸ್ತಕ ತೆಗೆದುಕೊಂಡು, ತಲೆಯಲ್ಲಿರುವುದನ್ನು ಬರೆದಿಡಿರಿ: ನೀರಿನ ಪೈಪು ಎಲ್ಲಿ ಹೂತಿದೆ, ಯಾವ ಸಾಲಿನ ಗಿಡ ಯಾವ ವರ್ಷ ನೆಟ್ಟದ್ದು, ಯಾವ ಮೂಲೆಯಲ್ಲಿ ಕೊಳೆ ಮೊದಲು ಕಾಣುತ್ತದೆ, ನೆರೆಯವರೊಡನೆ ದಾರಿಯ ಮಾತು ಏನಾಗಿತ್ತು, ಸೊಪ್ಪಿನಬೆಟ್ಟದ ಗಡಿ ಯಾವುದು. ಪಹಣಿಯಲ್ಲಿ ಇವೊಂದೂ ಇಲ್ಲ. ನಮ್ಮೊಡನೆ ಹೋದರೆ ಹೋದಂತೆಯೇ.

ಅಭ್ಯಾಸ

ಈ ಪಾಠವನ್ನು ಓದಿದ ಮೇಲೆ ಮನೆಯವರೆಲ್ಲ ಕೂತು ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

1. ನಾಳೆಯಿಂದ ಯಜಮಾನರು ಮೂರು ತಿಂಗಳು ಹಾಸಿಗೆ ಹಿಡಿದರೆ ತೋಟ ನಡೆಸುವವರು ಯಾರು? ಆಳಿಗೆ ಸಂಬಳ ಕೊಡಲು ಹಣ ಯಾರು ತೆಗೆಯಬಲ್ಲರು?

2. ಕಿರಿಯರ ಪೂರ್ಣ ಹೊಣೆಗೆ ಈ ವರ್ಷ ಯಾವ ಭಾಗವನ್ನು ಕೊಡಬಹುದು?

3. ಹಿರಿಯರಿಬ್ಬರಿಗೆ ವರ್ಷಕ್ಕೆ ಎಷ್ಟು ಬೇಕು? ಅದರಲ್ಲಿ ಎಷ್ಟು ಕ್ವಿಂಟಲ್ ಅಡಿಕೆ, ಎಷ್ಟು ಮೂಟೆ ಕಾಫಿ ಅವರ ಪಾಲು?

4. ಪಹಣಿ, ಸಾಲದ ಪತ್ರ, ಠೇವಣಿ ರಸೀದಿ, ವಿಮೆಯ ಪತ್ರ ಇವು ಎಲ್ಲಿವೆ ಎಂದು ಮನೆಯಲ್ಲಿ ಇನ್ನೊಬ್ಬರಿಗೆ ಗೊತ್ತಿದೆಯೇ?

5. ಹೆಣ್ಣುಮಕ್ಕಳೊಡನೆ ಈ ಮಾತು ಆಡಿದ್ದೀರಾ?

ಉತ್ತರ ಹೊಳೆಯದ ಪ್ರಶ್ನೆ ಯಾವುದೋ ಅಲ್ಲಿಂದ ಕೆಲಸ ಆರಂಭಿಸಿರಿ. ಮಳೆಗಾಲದಲ್ಲಿ ಸಿಂಪಡಣೆಗಳ ನಡುವೆ ಕೂತು ಮಾತಾಡಲು ಬೇಕಾದಷ್ಟು ಸಂಜೆಗಳು ಸಿಗುತ್ತವೆ. ನಾಮನಿರ್ದೇಶನದ ಅರ್ಜಿಗಳು ಸಂಘದ ಕಚೇರಿಯಲ್ಲಿ ದೊರೆಯುತ್ತವೆ. ಬರುವಾಗ ಮಗನನ್ನೋ ಮಗಳನ್ನೋ ಸೊಸೆಯನ್ನೋ ಜೊತೆಗೆ ಕರೆದುಕೊಂಡು ಬನ್ನಿರಿ.